ಬಚ್ಚಲುಮನೆಯ ಬಿಳಿ ದೀಪ

ನಮ್ಮ ಮರ್ಗಿಲಾನ್ ಊರಿನಲ್ಲಿ ಹೆಣ್ಣು ನೋಡಲು ಬರುವ ಹೆಂಗಸರು ಹೆಣ್ಣಿಗಿಂತ ಮೊದಲು ಬಚ್ಚಲುಮನೆ ನೋಡುತ್ತಾರೆ. ಕೈ ತೊಳೆದುಕೊಂಡು ಬರುತ್ತೇನೆ ಅನ್ನುತ್ತಾರೆ, ಒಳಗೆ ಹೋಗಿ ಸಾಬೂನಿನ ಬಟ್ಟಲನ್ನು ಎತ್ತಿ ಅಡಿಯಲ್ಲಿ ಲೋಳೆ ಇದೆಯೇ ಎಂದು ನೋಡುತ್ತಾರೆ, ಟವೆಲ್ ಮೂಸುತ್ತಾರೆ, ಕಮೋಡಿನ ಹಿಂದೆ ಬಗ್ಗಿ ಇಣುಕುತ್ತಾರೆ. ಬಚ್ಚಲು ಹೇಗೋ ಹುಡುಗಿ ಹಾಗೆ ಎನ್ನುವುದು ಅವರ ಶಾಸ್ತ್ರ. ಬೇರೆಯವರ ಕಮೋಡಿನ ಹಿಂದೆ ತಲೆ ತೂರಿಸಿ ಸೊಸೆ ಹುಡುಕುವ ಈ ಜನವನ್ನು ನೆನೆದರೆ ನನಗೆ ವಾಕರಿಕೆ ಬರುತ್ತದೆ. ಬಂದು ಏನು ಪ್ರಯೋಜನ, ಮನೆಗೆ ಬಂದಾಗ ನಾನೂ ನಗುನಗುತ್ತ ಚಹಾ ಕೊಡುತ್ತೇನೆ.

ನನ್ನ ತಂಗಿ ಇನೋಬತಳ ಮಗಳು ಝಿಲೋಲಾಳನ್ನು ತನ್ನ ಮಗನಿಗಾಗಿ ನೋಡಲು ಮಲೋಹತ್ ಎಂಬಾಕೆ ಬರುತ್ತಾಳೆ ಎಂದು ಗೊತ್ತಾದ ದಿನದಿಂದ ತಂಗಿಯ ಮನೆಯಲ್ಲಿ ನಿದ್ದೆ ಇಲ್ಲ. ಮಲೋಹತಳ ಮನೆಯವರಿಗೆ ಪೇಟೆಯಲ್ಲಿ ಎರಡು ರೇಷ್ಮೆ ಅಂಗಡಿ. ಝಿಲೋಲಾ ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಾಳೆ, ಇಪ್ಪತ್ತಾರು ತುಂಬಿದೆ. ನಮ್ಮ ಕಡೆ ಇಪ್ಪತ್ತಾರು ಎಂದರೆ ಜನ ಪಿಸುಗುಡುವ ವಯಸ್ಸು.

ಪಿಸುಗುಡಲು ಇನ್ನೊಂದು ಕಾರಣವೂ ಇತ್ತು, ಅದು ಹೊರಗಿನವರಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಎಡಗೈಯ ಮಣಿಕಟ್ಟಿನ ಹತ್ತಿರ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು ಎಂದರು ಡಾಕ್ಟರು. ಯಾರಿಗೂ ಅಂಟುವುದಿಲ್ಲ, ನೋವಿಲ್ಲ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಇನೋಬತ್ ತಲೆಯನ್ನು ಪೂರ್ತಿ ಕೆಡಿಸಿಕೊಂಡಳು. ಮೈಬಣ್ಣದ ಮುಲಾಮು ತಂದಳು, ಬೆರಳಿನ ಬುಡದವರೆಗೆ ತೋಳು ಬರುವ ಅಂಗಿ ಹೊಲಿಸಿದಳು. ದಿನಾ ಬೆಳಗ್ಗೆ ಝಿಲೋಲಾ ಮುಲಾಮು ಬಳಿದುಕೊಳ್ಳುವಾಗ ತಾಯಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಾಳೆ. ಬಳಿದು ಮುಗಿದ ಮೇಲೆ ಮುಚ್ಚಿದೆಯೇ ಎಂದಷ್ಟೇ ನೋಡುತ್ತಾಳೆ. ಅವಳು ಹಾಗೆ ತಿರುಗಿ ನಿಂತಿದ್ದನ್ನು ನಾನು ಒಮ್ಮೆ ಕಂಡೆ, ಅವತ್ತು ಅವಳ ಮನೆಯ ಊಟ ನನಗೆ ಸೇರಲಿಲ್ಲ.

ಆ ತಿಂಗಳು ಹೆಂಗಸರ ಚೀಟಿಯ ಹಣ ಇನೋಬತಳಿಗೆ ಬಂತು, ಇಪ್ಪತ್ತು ಲಕ್ಷ ಸೋಮ್, ನಮ್ಮ ನೋಟಿನ ಲೆಕ್ಕದಲ್ಲಿ ಒಂದು ತಿಂಗಳ ಸಂಬಳದಷ್ಟು. ಚಳಿಗಾಲಕ್ಕೆ ಕಿಟಕಿ ಬದಲಾಯಿಸುತ್ತೇವೆ ಎಂದು ವರ್ಷವೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಕಿಟಕಿ ಹಾಳಾಗಿ ಹೋಗಲಿ, ಬಚ್ಚಲುಮನೆಗೆ ದೀಪ ಹಾಕಿಸಬೇಕು ಎಂದಳು. ಅಲ್ಲಿ ಇದ್ದದ್ದು ಒಂದು ಬಲ್ಬು, ಅದರ ಗಾಜಿನ ಬುರುಡೆಯೊಳಗೆ ಸತ್ತ ಪತಂಗಗಳ ರಾಶಿ. ನೀರು ಚಹಾದಂಥ ಬೆಳಕು. ಆ ಬೆಳಕಿನಲ್ಲಿ ಕನ್ನಡಿಯಲ್ಲಿರುವುದು ಗಂಡೋ ಹೆಣ್ಣೋ ಎಂದೂ ಹೇಳಲಾಗುತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಸುತ್ತ ಕುಳಿತು ಲೆಕ್ಕ ಹಾಕಿದೆವು. ಝಿಲೋಲಾ ಫೋನಿನಲ್ಲಿ ಕೂಡುತ್ತ ಹೋದಳು.

"ಮೊದಲು ಹರಳಿನ ಗೊಂಚಲು ದೀಪ ಬರ್ಕೋ," ಎಂದಳು ಇನೋಬತ್. "ಪೇಟೇಲಿ ನೋಡಿ ಬಂದಿದೀನಿ. ಎಂಟು ಲಕ್ಷ."

"ಅದರ ಕೆಳಗೆ ನಾನು ತಲೆಗೆ ಸೋಪು ಹೆಂಗ್ ಹಚ್ಕೊಳ್ಳೋದು?" ಎಂದ ಅವಳ ಗಂಡ ಎರ್ಗಾಶ್. "ಕೈ ಎತ್ತಿದ್ರೆ ಹರಳು ಉದುರ್ತವೆ."

"ನೀವು ವಾರಕ್ಕೊಂದ್ಸಲ ಎತ್ತೋದು. ಸುಮ್ನಿರಿ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದೆ ನಾನು. "ಮೊಣಕೈ ಚಾಚಿದ್ರೆ ಎರಡೂ ಗೋಡೆ ತಗಲೋ ಬಚ್ಚಲಿಗೆ ಗೊಂಚಲು ದೀಪ. ಕಿಟಕಿ ಸಂದೀಲಿ ಗಾಳಿ ಸುಯ್ ಅಂತಿದೆ, ಅದು ಕೇಳಿಸ್ತಿಲ್ವೇನೇ ನಿಂಗೆ?"

"ಮಲೋಹತ್ ಕಿಟಕಿ ನೋಡಲ್ಲ ಅಕ್ಕ. ನಿಂಗೊತ್ತು ಅವಳು ಏನ್ ನೋಡ್ತಾಳೆ ಅಂತ."

ಗೊತ್ತಿತ್ತು. ಕೊನೆಗೆ ಗೊಂಚಲು ಬಿಟ್ಟಳು. ಸುತ್ತ ಬೆಳಕು ಬರುವ ಕನ್ನಡಿಗೆ ಒಂಬತ್ತು ಲಕ್ಷ. ಹಬೆ ನುಗ್ಗದ ಮೂರು ದೀಪ ಚಾವಣಿಗೆ, ಅದಕ್ಕೆ ಮೂರು ಲಕ್ಷ. ಹಳೆಯ ವೈರು ಕಿತ್ತು ಹೊಸದು ಎಳೆಯಲು ಕೂಲಿ ಸೇರಿ ಆರು. ಉಳಿದ ಎರಡು ಲಕ್ಷ ಆ ದಿನದ ಮಾಂಸಕ್ಕೂ ಹಣ್ಣಿಗೂ. ಆಮೇಲೆ ಬೆಳಕಿನ ಬಣ್ಣದ ಮಾತು ಬಂತು. ಇನೋಬತಳಿಗೆ ಹಳದಿ ಬೇಕು. ಹಳದಿಯಲ್ಲಿ ಎಲ್ಲರೂ ಲಕ್ಷಣವಾಗಿ ಕಾಣುತ್ತಾರೆ ಎಂದಳು.

"ಬಿಳೀನೇ ಇರ್ಲಿ," ಎಂದಳು ಝಿಲೋಲಾ. "ಇರೋದ್ರಲ್ಲಿ ಜೋರಾಗಿರೋದು."

"ಅದಕ್ಕೆ ಒಂದೂವರೆ ಲಕ್ಷ ಜಾಸ್ತಿ."

"ನನ್ನ ಸಂಬಳದಲ್ಲಿ ಕೊಡ್ತೀನಿ. ಈಗ ದೊಡ್ಡ ಮನೆಗಳಲ್ಲೆಲ್ಲ ಬಿಳಿ ದೀಪಾನೇ ಅಮ್ಮ."

ದೊಡ್ಡ ಮನೆ ಎಂದ ಕೂಡಲೇ ಇನೋಬತ್ ಒಪ್ಪಿದಳು. ಆಸ್ಪತ್ರೆಯಂಥ ಬೆಳಕು ಈ ಹುಡುಗಿಗೆ ಯಾಕೆ ಬೇಕೋ ಎಂದುಕೊಂಡೆ.

ದೀಪ ಹಾಕಿದ ದಿನ ನಾವೆಲ್ಲ ಮೂಗು ಮುಚ್ಚಿಕೊಂಡೆವು. ಕತ್ತಲು ಎಷ್ಟು ವರ್ಷ ನಮ್ಮ ಮಾನ ಕಾಪಾಡಿತ್ತು ಎಂದು ಆಗ ತಿಳಿಯಿತು. ಮೂಲೆಯಲ್ಲಿ ಕಪ್ಪು ಬೂಷ್ಟು, ತೊಟ್ಟಿಯ ಅಂಚಿಗೆ ಎಷ್ಟೋ ವರ್ಷದ ಮೈಜಿಡ್ಡು, ಕೊಳವೆಯ ಬುಡದಲ್ಲಿ ಜಿರಳೆಯ ಮೊಟ್ಟೆಗಳು. ನೀರು ಹೋಗುವ ತೂತಿನಿಂದ ನಾನು ಕೈಯಾರೆ ಎಳೆದ ಕೂದಲಿನ ಮುದ್ದೆ ಸತ್ತ ಇಲಿಯಷ್ಟಿತ್ತು. ಈ ಜಿಡ್ಡಿನ ನಡುವೆ ನಿಂತು ಇವರು ದಿನಾ ಐದು ಹೊತ್ತು ನಮಾಜಿಗೆ ಶುದ್ಧವಾಗುತ್ತಿದ್ದರಲ್ಲ ಎಂದು ಬೈಯುತ್ತ ಉಜ್ಜಿದೆ. ಉಗುರಿನ ಸಂದಿಯ ವಾಸನೆ ಹೋಗಲು ದಿನಗಳೇ ಬೇಕಾದವು.

ಮಲೋಹತ್ ಭಾನುವಾರ ತನ್ನ ನಾದಿನಿಯನ್ನು ಕರೆದುಕೊಂಡು ಬಂದಳು. ಚಿನ್ನದ ಹಲ್ಲು, ಅತ್ತರಿನ ಘಾಟು. ದಪ್ಪ ಪರದೆ ಎಳೆದ ಕೋಣೆಯಲ್ಲಿ ನೆಲದ ಮೇಲೆ ಊಟದ ಬಟ್ಟೆ ಹಾಸಿ, ನಡುವೆ ಹೊಸ ರೊಟ್ಟಿಗಳನ್ನು ಇಟ್ಟಿದ್ದೆವು. ಮಾತು ಕೂಡಿದರೆ ಎರಡೂ ಮನೆಯವರು ಸೇರಿ ಆ ರೊಟ್ಟಿ ಮುರಿಯಬೇಕು. ಮುರಿದರೆ ಮುಗಿಯಿತು, ಅವರು ಬೀಗರು. ಅದಕ್ಕೆ ಮೊದಲು ಹುಡುಗಿ ತಾಮ್ರದ ಹೂಜಿಯನ್ನೂ ಬೋಗುಣಿಯನ್ನೂ ಕೋಣೆಗೇ ತಂದು, ನೆಂಟರ ಕೈಗೆ ನೀರು ಹಾಕುವುದು ಪದ್ಧತಿ. ಮಬ್ಬು ಕೋಣೆ, ಉದ್ದ ತೋಳು. ಇಷ್ಟರಲ್ಲಿ ಮುಗಿದುಹೋದರೆ ಬಚ್ಚಲಿನ ಗೊಡವೆಯೇ ಇಲ್ಲ ಎಂದುಕೊಂಡು ನಾನು ಹೂಜಿಯನ್ನು ಬಾಗಿಲ ಬಳಿಯೇ ಇಟ್ಟಿದ್ದೆ.

ಆದರೆ ಇಪ್ಪತ್ತು ಲಕ್ಷ ಸುಮ್ಮನೆ ಕೂರಲು ಬಿಡುತ್ತದೆಯೇ. ಮಲೋಹತ್ ಕೈ ಚಾಚಿದ್ದಳು, ಝಿಲೋಲಾ ಹೂಜಿ ಎತ್ತಿದ್ದಳು, ಇನೋಬತ್ ನಡುವೆ ಬಾಯಿ ಹಾಕಿದಳು.

"ಇಲ್ಯಾಕೆ ಬೋಗುಣೀಲಿ? ಬಚ್ಚಲುಮನೇಗೇ ಬನ್ನಿ. ಈಗಷ್ಟೇ ಹೊಸದಾಗಿ ಮಾಡ್ಸಿದೀವಿ. ಝಿಲೋಲಾ, ಹೂಜಿ ಅಲ್ಲಿಗೇ ತಗೊಂಡ್ಹೋಗು, ನಲ್ಲೀಲಿ ಬಿಸಿನೀರಿಲ್ಲ."

ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈ ತಳ್ಳಿದಳು.

ನಮ್ಮ ಈ ಹಳೆಯ ಕಟ್ಟಡಗಳಲ್ಲಿ ಬಚ್ಚಲಿನ ದೀಪದ ಸ್ವಿಚ್ಚು ಬಾಗಿಲ ಹೊರಗೆ, ನಡುಮನೆಯ ಗೋಡೆಯ ಮೇಲೆ ಇರುತ್ತದೆ. ಝಿಲೋಲಾ ಒತ್ತಿದಳು. ನಾನು ಟವೆಲ್ ಹಿಡಿದು ಹೊಸ್ತಿಲ ಹೊರಗೆ ನಿಂತೆ. ಮಲೋಹತ್ ಕನ್ನಡಿಯಲ್ಲಿ ತನ್ನ ಮುಖ ಕಂಡು ಬೆಚ್ಚಿದಳು. ಸುಕ್ಕಿನೊಳಗೆ ಕೂತ ಪೌಡರೆಲ್ಲ ಗೆರೆ ಗೆರೆಯಾಗಿ ಎದ್ದು ಕಾಣುತ್ತಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕುವವರು ಅದನ್ನೆಲ್ಲ ಎಲ್ಲಿ ನೋಡುತ್ತಾರೆ. ಕಪಾಟಿನ ಮೇಲೆ ಬೆರಳಾಡಿಸಿದಳು, ಸಾಬೂನಿನ ಬಟ್ಟಲು ಎತ್ತಿ ನೋಡಿ ಇಟ್ಟಳು. ಆಮೇಲೆ ಕೈ ಚಾಚಿದಳು. ಝಿಲೋಲಾ ನೀರು ಹಾಕಲು ಹೂಜಿ ಎತ್ತಿದಾಗ ಅಂಗಿಯ ತೋಳು ಹಿಂದಕ್ಕೆ ಜಾರಿತು. ಆ ಬೆಳಕಿನಲ್ಲಿ ಮುಲಾಮು ಒಣಗಿದ ಮಣ್ಣಿನ ಹಾಗೆ ಬೇರೆಯೇ ಕಾಣುತ್ತಿತ್ತು.

"ಏನಮ್ಮ ಇದು?" ಎಂದಳು ಮಲೋಹತ್. ಹುಡುಗಿಯ ಮಣಿಕಟ್ಟು ಹಿಡಿದು, ತನ್ನ ಒದ್ದೆ ಹೆಬ್ಬೆರಳಿನಿಂದ ಉಜ್ಜಿದಳು. ಸಂತೆಯಲ್ಲಿ ಕಲ್ಲಂಗಡಿಯ ಮೇಲಿನ ಮಣ್ಣು ಉಜ್ಜಿ ನೋಡುವ ಹಾಗೆ, ಕೇಳದೆ, ಹೇಳದೆ. ಕಂದು ಮುಲಾಮು ಮುದ್ದೆಯಾಗಿ ಎದ್ದು ಬಂತು, ಕೆಳಗೆ ಬಿಳಿ ಚರ್ಮ ಕಂಡಿತು. ಅವಳು ಹೆಬ್ಬೆರಳನ್ನು ಮೈಯಿಂದ ದೂರ ಹಿಡಿದು ನಲ್ಲಿಯ ಕೆಳಗೆ ಸಾಬೂನು ಹಚ್ಚಿ ತೊಳೆದಳು, ಇನ್ನೊಮ್ಮೆ ತೊಳೆದಳು.

ಬೇರೇನೂ ತೋಚದೆ ಸ್ವಿಚ್ಚು ಒತ್ತಿ ದೀಪ ಆರಿಸಿದೆ.

"ಕರೆಂಟ್ ಹೋಯ್ತಾ?" ಎಂದಿತು ಕತ್ತಲಲ್ಲಿ ಮಲೋಹತಳ ದನಿ.

"ಇಲ್ಲ," ಎಂದಳು ಝಿಲೋಲಾ. "ದೊಡ್ಡಮ್ಮ, ಲೈಟ್ ಹಾಕಿ. ಅವ್ರು ಇನ್ನೂ ಪೂರ್ತಿ ನೋಡಿಲ್ಲ."

ನನ್ನ ಬೆರಳು ಏಳಲಿಲ್ಲ.

"ಹಾಕಿ ದೊಡ್ಡಮ್ಮ."

ಹಾಕಿದೆ. ಝಿಲೋಲಾ ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ನಲ್ಲಿಯ ತಣ್ಣೀರಿನಲ್ಲಿ ಕೈಯನ್ನು ಪೂರ್ತಿ ತೊಳೆಯುತ್ತಿದ್ದಳು. ಕಂದು ನೀರು ಬೇಸಿನ್ನಿನಲ್ಲಿ ಸುತ್ತಿ ಸುತ್ತಿ ಇಳಿಯಿತು.

"ಎರಡು ವರ್ಷದಿಂದ ಇದೆ. ಮೊಣಕೈ ದಾಟಿದೆ. ಮುಂದೆ ಎಲ್ಲೀವರೆಗೆ ಹೋಗುತ್ತೋ ಗೊತ್ತಿಲ್ಲ. ಅಂಟಲ್ಲ," ಎಂದಳು. "ಈಗ್ಲೇ ನೋಡ್ಕೊಂಬಿಡಿ. ನಿಮ್ಮ ಮಗ ಜೀವಮಾನವೆಲ್ಲ ದೀಪ ಆರಿಸ್ಕೊಂಡೇ ಸಂಸಾರ ಮಾಡೋಕಾಗಲ್ವಲ್ಲ."

ನಾನು ಟವೆಲ್ ಚಾಚಿದೆ. ಮಲೋಹತ್ ಅದನ್ನು ನೋಡಿದಳು, ಮುಟ್ಟಲಿಲ್ಲ. ತನ್ನ ಕರವಸ್ತ್ರ ತೆಗೆದು ಕೈ ಒರೆಸಿಕೊಂಡು, ಅದನ್ನು ನಮ್ಮ ಕಸದ ಡಬ್ಬಿಗೆ ಹಾಕಿದಳು. ಕಸೂತಿ ಹಾಕಿದ ಒಳ್ಳೆಯ ಕರವಸ್ತ್ರ. ಕೋಣೆಗೆ ಹೋದವಳು ಕೂರಲೂ ಇಲ್ಲ.

"ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ," ಎಂದಳು. ನಾದಿನಿ ಮಾತ್ರ ಹೋಗುವಾಗ ಎರಡು ಬಾದಾಮಿ ಬಾಯಿಗೆ ಹಾಕಿಕೊಂಡಳು. ರೊಟ್ಟಿ ಮುರಿಯದೆ ಹಾಗೆಯೇ ಉಳಿಯಿತು.

ಬಾಗಿಲು ಹಾಕಿದ ಮೇಲೆ ಇನೋಬತ್ ಗೋಡೆಗೆ ಒರಗಿ ಕುಸಿದಳು. "ಹಳದೀದು ಹಾಕ್ಸೋಣ ಅಂದೆ. ಒಬ್ರಾದ್ರೂ ಕೇಳಿದ್ರಾ? ಒಂದೂವರೆ ಲಕ್ಷ ಜಾಸ್ತಿ ಕೊಟ್ಟು ಮಗಳ ಮದುವೆ ಮುರ್ಕೊಂಡೆ."

"ಆ ಒಂದೂವರೆ ಲಕ್ಷ ನಂದಮ್ಮ," ಎಂದಳು ಝಿಲೋಲಾ. "ಕೋಣೇಲೇ ಮುಗಿದಿದ್ರೂ ನಾನೇ ಅವ್ರನ್ನ ಕೈ ಹಿಡ್ದು ಬಚ್ಚಲಿಗೆ ಕರ್ಕೊಂಡ್ಹೋಗ್ತಿದ್ದೆ. ನೀನು ಕೆಲಸ ಸುಲಭ ಮಾಡ್ದೆ."

ಎರ್ಗಾಶ್ ಚಹಾದ ಬಟ್ಟಲು ಹಿಡಿದು ನೆಲ ನೋಡುತ್ತಿದ್ದ. ನಾನು ಹೋಗಿ ಪರದೆ ಸರಿಸಿದೆ. ಝಿಲೋಲಾ ಊಟದ ಬಟ್ಟೆಯ ಮುಂದೆ ಕುಳಿತು, ಮಡಚಿದ ತೋಳು ಇಳಿಸದೆಯೇ ರೊಟ್ಟಿ ಎತ್ತಿಕೊಂಡಳು.

"ಮುರೀಬೇಡ ಕಣೇ, ಅಪಶಕುನ," ಎಂದಳು ಇನೋಬತ್.

"ಹಸಿವಾಗಿದೆ." ಮುರಿದಳು. ನನಗೊಂದು ತುಂಡು ಕೊಟ್ಟಳು, ಅಪ್ಪನಿಗೆ ಕೊಟ್ಟಳು, ಆಮೇಲೆ ಆ ಬಿಳಿ ಕೈಯನ್ನು ತಾಯಿಯ ಕಡೆ ಚಾಚಿದಳು.

ಇನೋಬತಳ ಕೈ ಅರ್ಧಕ್ಕೆ ಬಂದು ನಿಂತಿತು. ಅವಳು ರೊಟ್ಟಿ ನೋಡುತ್ತಿರಲಿಲ್ಲ, ಅದನ್ನು ಹಿಡಿದ ಬೆರಳುಗಳನ್ನು ನೋಡುತ್ತಿದ್ದಳು. ಆಗ ತಂಗಿಯ ಮೇಲೆ ನನಗೆ ಹುಟ್ಟಿದಷ್ಟು ಅಸಹ್ಯ ಮಲೋಹತಳ ಮೇಲೂ ಹುಟ್ಟಿರಲಿಲ್ಲ, ಕಸದ ಡಬ್ಬಿಯ ಕರವಸ್ತ್ರ ಕಂಡಾಗಲೂ ಹುಟ್ಟಿರಲಿಲ್ಲ. ಒಡಹುಟ್ಟಿದವಳಾದರೂ ಬೈಯಲು ಬಾಯಿ ತೆರೆದೆ. ಝಿಲೋಲಾ ನನಗಿಂತ ಮೊದಲು ಮಾತಾಡಿದಳು.

"ತಿನ್ನಮ್ಮ," ಎಂದಳು ಮೆಲ್ಲಗೆ. "ಅಂಟಲ್ಲ."

ಇನೋಬತ್ ತುಂಡು ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡು ತಿಂದಳು.