ಬಾಗಿಲು ಕಳೆದ ಅಳತೆ

ನಾನು ಒಂದು ಅಳತೆ ಟೇಪು. ಹದಿನಾರು ಅಡಿ ಉಕ್ಕಿನ ಪಟ್ಟಿಗೆ ಹಳದಿ ಬಣ್ಣ ಬಳಿದು, ಅಂಕಿ ಒತ್ತಿ, ಸ್ಪ್ರಿಂಗಿಗೆ ಬಿಗಿದು ಡಬ್ಬಿಯೊಳಗೆ ತುರುಕಿದರು. ಹೀಗೆ ಹುಟ್ಟಿದವನಿಗೆ ಸಿಟ್ಟಲ್ಲದೆ ಇನ್ನೇನು ಬಂದೀತು? ಸುಳ್ಳು ಹೇಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಿಂದ ನನ್ನನ್ನು ಕೊಂಡವನು ಮೌನೇಶ ಬಡಿಗೇರ. ಇಟ್ಟಿಗೆಯಿಲ್ಲದ ಗೋಡೆಗಳ ಗುತ್ತಿಗೆದಾರ. ತಗಡಿನ ಚೌಕಟ್ಟು ನಿಲ್ಲಿಸಿ ಎರಡೂ ಬದಿಗೆ ಜಿಪ್ಸಮ್ ಬೋರ್ಡು ಜಡಿಯುವುದು ಅವನ ಕೆಲಸ. ಬೋರ್ಡುಗಳ ಸಂದಿಗೆ ಪುಟ್ಟಿ ಮೆತ್ತಿ ನುಣುಪು ಮಾಡುವವನು ದಸ್ತಗೀರ. ಅವನು ಮುಚ್ಚಿದ ಸಂದಿ ಸವರಿ ನೋಡಿದರೂ ಸಿಗುತ್ತಿರಲಿಲ್ಲ. ಆ ಕೈಗೆ ಊರಲ್ಲಿ ಹೆಸರಿತ್ತು.

ಹಂಪಣ್ಣವರ ಎಂಬುವರು ಕೋಚಿಂಗ್ ಕ್ಲಾಸಿಗೆ ಕೋಣೆಗಳನ್ನು ಮಾಡಿಸಲು ಕರೆದರು. "ಫೂಟಿಗೆ ಎಷ್ಟ್ ತಗೋತಿ?" ಎಂದರು. ನಾನಿನ್ನೂ ಮೌನೇಶನ ಸೊಂಟದಲ್ಲೇ ಇದ್ದೆ.

"ನೂರಾಹತ್ತ ಕೊಡ್ರಿ ಸರ್."

ಕೂಸು ಹುಟ್ಟುವ ಮುನ್ನ ಕುಲಾವಿ! ಕೆಲಸ ಇನ್ನೊಬ್ಬನ ಪಾಲಾದೀತೆಂಬ ಹೆದರಿಕೆ ಅವನಿಗೆ. ಆಮೇಲೆ ನನ್ನನ್ನು ಎಳೆದ. ಬೋರ್ಡಿನ ಉದ್ದ ಆರಡಿ. ಗೋಡೆಯ ಎತ್ತರ ಒಂಬತ್ತಡಿಯಾದರೆ ಒಂದೂವರೆ ಬೋರ್ಡು, ಉಳಿದರ್ಧ ಪಕ್ಕದ ಸಾಲಿಗೆ ಬರುತ್ತದೆ. ಅಲ್ಲಿ ಗೋಡೆ ಹತ್ತಡಿ. ಎರಡೆರಡು ಅಡಿಯ ತುಂಡುಗಳು ಮೂಲೆಯಲ್ಲಿ ಕಸವಾಗಿ ಬಿದ್ದವು. ಹತ್ತು ಎಂದು ನಾನು ಕಣ್ಣಿಗೆ ಹೊಡೆಯುವಂತೆ ತೋರಿಸಿದ್ದೆ. ನೋಡುವವರು ಯಾರು?

ಬೋರ್ಡು ಜಡಿದು ಮುಗಿಸಿ, ಪುಟ್ಟಿಗೆ ಮುನ್ನ ಬಿಲ್ಲಿಗೆಂದು ಅಳೆದ ದಿನ ಹಂಪಣ್ಣವರು ನನ್ನನ್ನು ಬಾಗಿಲಿಗೆ ಹಿಡಿಸಿದರು. "ಇದನ್ನ ಕಳೀಪಾ. ಇಲ್ಲೆ ಗೋಡಿ ಎಲ್ಲೈತಿ?"

"ಬಾಗಲದ ಸುತ್ತಾನ ಕೆಲಸ ಹೆಚ್ಚ ಇರತೈತ್ರಿ," ಎಂದ ದಸ್ತಗೀರ.

"ಆತ್ ಬಿಡ್ರಿ ಸರ್, ಕಳೀರಿ," ಎಂದ ಮೌನೇಶ.

ಏಳು ಬಾಗಿಲು, ನೂರಾ ನಲವತ್ತೇಳು ಚದರಡಿ. ಅವನ ಲಾಭ ಆ ಏಳು ಬಾಗಿಲುಗಳಿಂದಲೇ ಹೊರನಡೆಯಿತು. ಅದನ್ನು ಅಳೆದು ಕೊಟ್ಟವನು ನಾನು ಎಂಬುದು ಇವತ್ತಿಗೂ ಉರಿಯುತ್ತದೆ.

ನಷ್ಟ ತುಂಬಿಸಲು ಮೌನೇಶನಿಗೆ ಕಂಡದ್ದು ಪುಟ್ಟಿ. "ಮೂರ್ ಕೋಟ್ ಬ್ಯಾಡ, ಎರಡರಾಗ ಮುಗಸು," ಎಂದ. "ಜಾಯಿಂಟ್ ಬಾಯಿ ಬಿಡತೈತಿ ಅಣ್ಣಾ," ಎಂದು ದಸ್ತಗೀರ ಬೇಡಿಕೊಂಡ. ಮೌನೇಶ ಕೇಳಲಿಲ್ಲ.

ಮೂರು ತಿಂಗಳಿಗೆ ಗೋಡೆ ತುಂಬ ಬಿರುಕು. ಹಂಪಣ್ಣವರು ಇಬ್ಬರನ್ನೂ ಕರೆಸಿ, ಪಾಠಕ್ಕೆ ಬಂದವರ ಎದುರೇ ಬಿರುಕಿನ ಮೇಲೆ ಉಗುರು ಎಳೆದರು. "ಇದು ಯಾರ ಕೈ?"

ಮೌನೇಶ ನೆಲ ನೋಡುತ್ತ, "ದಸ್ತಗೀರಂದ್ರಿ," ಎಂದ.

ಥೂ! ಬಾಯಿ ತೆರೆಯಬೇಕಾದಲ್ಲಿ ಮುಚ್ಚಿದ, ಮುಚ್ಚಬೇಕಾದಲ್ಲಿ ತೆರೆದ. ದಸ್ತಗೀರ ಕರಣೆಯನ್ನು ಚೀಲಕ್ಕೆ ಹಾಕಿ ಹೊರಟ. ಮೌನೇಶ ತನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ತಿರುಗಿಸಿ, ನನ್ನನ್ನು ನೆಲಕ್ಕೆ ಬಡಿದ. ನನ್ನ ತುದಿಯ ಕೊಕ್ಕೆ ಎರಡಿಂಚು ಸಮೇತ ಮುರಿಯಿತು. ಹೊರಡುತ್ತಿದ್ದ ದಸ್ತಗೀರ ಬಗ್ಗಿ ನನ್ನನ್ನೆತ್ತಿ ಜೇಬಿಗಿಟ್ಟ.

ಆಮೇಲೆ ಅವನೇ ಗುತ್ತಿಗೆ ಹಿಡಿದ. ನನ್ನ ಒಂದನೆಯ ಅಡಿಯ ಗೆರೆಯಿಂದ ಅಳೆದು, ಕೊನೆಗೆ ಒಂದಡಿ ಕಳೆಯುತ್ತಿದ್ದ. ಕಳೆಯುತ್ತಿದ್ದದ್ದು ಅದೊಂದೇ. ಬೋರ್ಡು ಎಣಿಸಿ, ಕಸವಾಗುವ ತುಂಡು ಸೇರಿಸಿ, ಬಾಗಿಲಿಗೆ ಬೇರೆ, ಮೂರನೆಯ ಕೋಟ್ ಪುಟ್ಟಿಗೆ ಬೇರೆ ಹಾಕಿ, ಕಟ್ಟಕಡೆಗೆ ತನ್ನ ಲಾಭ ಬರೆದು ರೇಟು ಹೇಳುತ್ತಿದ್ದ. ಮೊದಮೊದಲು ಹತ್ತರಲ್ಲಿ ಒಂಬತ್ತು ಮಂದಿ ನಕ್ಕು ಕಳಿಸಿದರು. ಆ ಬಿರುಕಿನಲ್ಲಿ ಹೋದ ಹೆಸರು ಮರಳಿ ಬರಲು ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ಗುತ್ತಿಗೆಯಲ್ಲಿ ಕೈಸುಟ್ಟುಕೊಂಡ ಮೌನೇಶ ಕೂಲಿ ಕೇಳಿಕೊಂಡು ಅವನ ಬಳಿಗೇ ಬಂದ. ದಸ್ತಗೀರ ಇಟ್ಟುಕೊಂಡ. ಅದು ಅವನ ದೊಡ್ಡ ಮನಸ್ಸು, ನನಗಿಲ್ಲ.

ಈಗ ನನ್ನ ಬಣ್ಣ ಹೋಗಿದೆ, ಸ್ಪ್ರಿಂಗು ಸೋತಿದೆ, ಪುಟ್ಟಿ ಡಬ್ಬಿಯೇ ಮನೆ. ಮೊನ್ನೆ, ಹೊಸ ಟೇಪು ಸಿಗದೆ, ಕೊನೆಯ ಸಲ ಹೊರಗೆ ಬಂದೆ. ಮುರಿದ ತುದಿ ಹಿಡಿದು ಬಾಗಿಲಲ್ಲಿ ನಿಂತವನು ಮೌನೇಶ. "ಬಾಗಲಾ ಕಳೀರಿ," ಎಂದ ಮನೆಯ ಯಜಮಾನ.

ದಸ್ತಗೀರ ಬಾಯಿ ತೆರೆಯುವ ಮುಂಚೆ ಮೌನೇಶ ಅಂದ: "ಬಾಗಲಾ ಕಳಿಯಂಗಿಲ್ರಿ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಎರಡು ಮಾತು ಅವತ್ತು ಆಡಿದ್ದರೆ ಒಬ್ಬನ ಆರು ವರ್ಷ ಉಳಿಯುತ್ತಿತ್ತು. ಮೌನೇಶ ನನ್ನ ತುದಿ ಬಿಟ್ಟ. ಸೋತ ಸ್ಪ್ರಿಂಗಿನ ಕೊನೆಯ ಕಸುವೆಲ್ಲ ಸೇರಿಸಿ ನಾನು ಸರ್ರನೆ ಒಳಗೆ ಹೋಗುತ್ತ, ಮುರಿದ ಅಂಚಿನಿಂದ ಅವನ ಬೆರಳು ಕೊಯ್ದೆ, ಬೇಕೆಂದೇ.