ಒಲೆಯ ಹಿಂದಿನ ಗೋಡೆ

ನನ್ನ ಸೊಸೆ ಯಾವುದಕ್ಕೂ ಹಟ ಹಿಡಿಯುವವಳಲ್ಲ. ಅದಕ್ಕೇ ಅವಳು ಹಟ ಹಿಡಿದ ದಿನ ನನಗೆ ಅನುಮಾನ ಬಂತು.

ಅಡುಗೆಮನೆಯ ಕಟ್ಟೆಗೆ ಹೊಸ ಕಲ್ಲು ಕೂರಿಸಿದ್ದಾಗಿತ್ತು. ಕಪ್ಪು ಗ್ರಾನೈಟ್, ಅದರಲ್ಲಿ ಬೂದು ಚುಕ್ಕೆ; ಆರಿಸಿದವಳು ನಾನೇ. ಒಲೆಯ ಹಿಂದಿನ ಗೋಡೆಯೊಂದು ಬರಿದಾಗಿ ಉಳಿದಿತ್ತು. ಅದಕ್ಕೇನು ಅಂಟಿಸುವುದು ಅಂತ ನೋಡಲು ಮಗ, ಸೊಸೆ, ನಾನು ಟೈಲ್ಸ್ ಅಂಗಡಿಗೆ ಹೋದೆವು. ನಮ್ಮ ಕಲ್ಲಿನದೇ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಅಂಗಡಿಯ ಬೆಳಕಿನಲ್ಲಿ ಚೆಂದ ಕಂಡಿದ್ದನ್ನು ಮನೆಗೆ ತಂದು ಬೇಸ್ತು ಬೀಳುವ ಪೈಕಿ ನಾನಲ್ಲ.

ಅಂಗಡಿಯವನು ಕಲ್ಲನ್ನು ಮಲಗಿಸಿ, ಅದರ ಹಿಂದೆ ಒಂದೊಂದೇ ಟೈಲು ನಿಲ್ಲಿಸಿ ತೋರಿಸಿದ. ಹೊಳೆಯುವ ಬಿಳಿ ಇಟ್ಟರೆ ಕಣ್ಣಿಗೆ ಹೊಡೆಯಿತು. ಹೂಬಳ್ಳಿಯದು ಇಟ್ಟರೆ ಚುಕ್ಕೆಗೂ ಬಳ್ಳಿಗೂ ಜಗಳ. ಹಾಲುಬಣ್ಣದ ಮಂಕು ಟೈಲೊಂದು ಮಾತ್ರ ಕಲ್ಲಿನ ಜೊತೆ ತಣ್ಣಗೆ ಕೂತಿತು. ಅದೇ ಇರಲಿ ಅಂದೆ.

ಸೊಸೆ ನನ್ನ ಎದುರಿಗೆ ಬಂದು ನಿಂತು, "ಬೇಡ ಅತ್ತೆ, ಕನ್ನಡಿ ಹಾಕ್ಸೋಣ" ಅಂದಳು. ಈಚೆಗೆ ಅವಳು ನನ್ನ ಹತ್ತಿರ ಬಾಯಿ ಅಗಲಿಸಿ, ಎಳೆ ಮಗುವಿಗೆ ಹೇಳಿದ ಹಾಗೆ ಮಾತಾಡುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯವನೇ ತಲೆ ಆಡಿಸಿದ. "ಶಾಖ ತಡೆಯೋ ಕನ್ನಡಿ ಏನೋ ಇದೆ. ಆದ್ರೆ ಎಣ್ಣೆ ಸಿಡಿದ್ರೆ ಒಂದೊಂದು ಹನೀನೂ ಎದ್ದು ಕಾಣುತ್ತೆ. ದಿನಾ ಒರೆಸ್ಬೇಕು."

"ನಾನು ಒರೆಸ್ತೀನಿ" ಅಂದಳು. ಊಟದ ಮೇಜು ಒರೆಸುವುದಕ್ಕೇ ಮೂರು ಸಲ ಹೇಳಿಸಿಕೊಳ್ಳುವವಳು!

ಆಮೇಲೆ ಗಂಡ ಹೆಂಡತಿ ಬಾಗಿಲ ಹತ್ತಿರ ಹೋಗಿ ಪಿಸುಗುಟ್ಟಿದರು. ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಕತೆ, ನನ್ನ ಬೆನ್ನು ತಿರುಗಿದರೆ ಸಾಕು, ಗುಸುಗುಸು. ನನ್ನ ಪಕ್ಕದಲ್ಲೇ ಇದ್ದ ಅಂಗಡಿಯವನು ಅವರ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಹಾಲುಬಣ್ಣದ ಟೈಲನ್ನು ಸುಮ್ಮನೆ ಎತ್ತಿ ಒಳಗಿಟ್ಟ. ಇವನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಅಂದುಕೊಂಡೆ.

ಅನುಮಾನಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಕುಕ್ಕರ್ ತಳ ಹಿಡಿದು ಕರಕಲಾದಾಗ ಮಗ, "ಅಮ್ಮಾ, ಇನ್ನು ಒಲೆ ಹತ್ರ ಹೋಗ್ಬೇಡ" ಅಂದುಬಿಟ್ಟಿದ್ದ. ಸೀಟಿಯನ್ನೇ ಹೊಡೆಯದ ಕುಕ್ಕರಿಗೆ ನಾನೇನು ಮಾಡಲಿ? ಕಿವಿ ಡಾಕ್ಟರ ಹತ್ತಿರ ಹೋಗೋಣ ಅಂದ. ನನ್ನ ಕಿವಿಗೇನು ದಾಡಿ, ಮೊದಲು ಕುಕ್ಕರ್ ರಿಪೇರಿ ಮಾಡಿಸು ಅಂದೆ. ಗಂಡ ಹೋದ ಮೇಲೆ ನನ್ನದು ಅಂತ ಉಳಿದಿರುವುದು ಒಲೆಯ ಮುಂದಿನ ಆ ಜಾಗ ಒಂದೇ. ಅದೂ ಹೋದರೆ ನನಗೂ ಸೋಫಾದ ಮೇಲಿನ ದಿಂಬಿಗೂ ವ್ಯತ್ಯಾಸವಿಲ್ಲ.

ಈಗ ಈ ಕನ್ನಡಿ. ನಡುಮನೆಯಲ್ಲಿ ಕೂತಲ್ಲಿಂದಲೇ ನನ್ನ ಕೈ ನೋಡುತ್ತ, ತಪ್ಪು ಹೆಕ್ಕಿ ಹೆಕ್ಕಿ, ಒಂದು ದಿನ ನನ್ನನ್ನು ಅಡುಗೆಮನೆಯಿಂದ ಆಚೆಗೆ ಕಳಿಸುವ ಹುನ್ನಾರ. ಬೇರೆ ಇನ್ನೇನು?

ಕನ್ನಡಿ ಕೂರಿಸಿಹೋದರು. ನಿಜ ಹೇಳಬೇಕೆಂದರೆ ಕಲ್ಲಿಗೆ ಒಪ್ಪಿತ್ತು. ಬೂದು ಚುಕ್ಕೆಗಳು ಒಂದಕ್ಕೆರಡಾಗಿ ಕಾಣುತ್ತಿದ್ದವು.

ಮರುದಿನ ಬೆಳಗ್ಗೆ ಅನ್ನಕ್ಕೆ ಕುಕ್ಕರ್ ಇಟ್ಟು, ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತ ನಿಂತೆ. ಕನ್ನಡಿ ಅವರಿಗೆ ನನ್ನನ್ನು ತೋರಿಸಿದರೆ ನನಗೂ ಅವರನ್ನು ತೋರಿಸುತ್ತದಲ್ಲ, ನಾನೂ ನೋಡಿಯೇಬಿಡುತ್ತೇನೆ ಅಂತ ತಲೆ ಎತ್ತಿದೆ.

ಸೊಸೆ ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ ನಿಂತಿದ್ದಳು. ಅವಳ ಬಾಯಿ ತೆರೆಯಿತು. "ಅತ್ತೆ" ಅಂದ ಹಾಗೆ ಕಂಡಿತು. ಮತ್ತೆ ತೆರೆಯಿತು. ಮೂರನೆಯ ಸಲ ಕತ್ತಿನ ನರ ಉಬ್ಬುವಷ್ಟು ಜೋರಾಗಿ ಕೂಗಿದಳು. ನನಗೆ ಏನೂ ಕೇಳಲಿಲ್ಲ. ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಕೈ ಎತ್ತಿ ಕುಕ್ಕರ್ ತೋರಿಸಿದಳು. ಮೇಲಿನ ವೆಯ್ಟ್ ಎದ್ದೆದ್ದು ಕುಣಿಯುತ್ತಿತ್ತು, ಉಗಿ ನುಗ್ಗಿ ಕನ್ನಡಿ ಮಸುಕಾಗುತ್ತಿತ್ತು. ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

ಈ ಮನೆಯಲ್ಲಿ ಯಾರೂ ಪಿಸುಗುಟ್ಟಿರಲಿಲ್ಲ.

ಮಗ ಅವಳ ಹಿಂದೆ ಬಂದು ನಿಂತ. "ಹೇಳಿದ್ನಲ್ಲ, ಅಮ್ಮನ್ನ ಇಲ್ಲಿ..." ಅನ್ನುವಷ್ಟು ಅವನ ತುಟಿಯಲ್ಲಿ ಕಂಡಿತು. ಸೊಸೆ ಅವನ ಎದೆಗೆ ಕೈ ಕೊಟ್ಟು ಹೊರಗೆ ತಳ್ಳಿದಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, ಬಾಯಿ ಅಗಲಿಸಿ, ನಿಧಾನವಾಗಿ ಹೇಳಿದಳು: "ಮೂರಾಯ್ತು ಅತ್ತೆ, ಆರ್ಸಿ."

ಒಂದಕ್ಷರ ಕೇಳದೆ ಎಲ್ಲ ಅರ್ಥವಾಯಿತು. ಒಲೆ ಆರಿಸಿದೆ. ಅಳು ಬಂತು. ಅದನ್ನು ಅವಳಿಂದ ಮುಚ್ಚಿಡಲು ಆ ಗೋಡೆಯ ಎದುರು ಜಾಗವೇ ಇರಲಿಲ್ಲ.

ಬಟ್ಟೆ ತೆಗೆದುಕೊಂಡು ಕನ್ನಡಿಯ ಮೇಲಿನ ಉಗಿ ಒರೆಸಿದೆ, ಅವಳ ಮುಖ ಸರಿಯಾಗಿ ಕಾಣುವ ತನಕ. ಅಂದಿನಿಂದ ದಿನಾ ಒರೆಸುವುದು ನಾನೇ. ಅವಳಿಗೆ ಬಿಡುವುದಿಲ್ಲ, ಅವಳು ಒರೆಸಿದರೆ ಮೂಲೆಯಲ್ಲಿ ಎಣ್ಣೆ ಹಾಗೇ ಉಳಿಯುತ್ತದೆ.