ಲಾಲಿಪಾಪ್ ಗೋಪೀನಾಥನ ಲಾಟ್ವಿಯನ್ ಪಾಂಡಿತ್ಯ

ಸೆವೆನ್ ಕಿಂಗ್ಸ್ ಸ್ಟೇಶನ್ನಿನಲ್ಲಿ ರೈಲು ಹತ್ತಿದ ಗೋಪೀನಾಥ, ಮುಂದಿನ ಸ್ಟೇಶನ್ ಇಲ್ಫರ್ಡಿನಲ್ಲಿ ಇಳಿಯುವಷ್ಟರಲ್ಲಿ ಇಡೀ ಲಾಟ್ವಿಯನ್ ಭಾಷೆಯನ್ನು ಕಲಿತು ಮುಗಿಸಿದ್ದ. ಮೂರು ನಿಮಿಷದ ದಾರಿ. ಅದರಲ್ಲೂ ಅರ್ಧ ನಿಮಿಷ ಮಿಕ್ಕಿತ್ತಾದ್ದರಿಂದ ಎದುರು ಸೀಟಿನ ಲಾಟ್ವಿಯನ್ ಪ್ರೊಫೆಸರೊಬ್ಬರ ಉಚ್ಚಾರವನ್ನು ತಿದ್ದಿಕೊಟ್ಟ. ಅವರು ಕಣ್ಣೊರೆಸಿಕೊಂಡು, ನಮ್ಮ ಭಾಷೆ ಇಷ್ಟು ಚೆಂದವೆಂದು ಇವತ್ತೇ ಗೊತ್ತಾದದ್ದು ಎಂದು ಕೈಮುಗಿದು ಇಳಿದುಹೋದರು.

ಇದು ಗೋಪೀನಾಥನೇ ಹೇಳಿದ್ದು. ಅವನ ಮಾತನ್ನು ಹೇಗೆ ಕೇಳಬೇಕೆಂದು ಇಲ್ಫರ್ಡಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮೊದಲು ನೂರರಿಂದ ಭಾಗಿಸಬೇಕು, ಉಳಿದದ್ದರಲ್ಲಿ ಅರ್ಧ ನಂಬಬೇಕು. ತಾನು ಎಂ.ಎಸ್ಸಿ.ಯಲ್ಲಿ ಬಂಗಾರದ ಪದಕ ಗೆದ್ದವನು, ಪದಕ ಎಷ್ಟು ಭಾರವಿತ್ತೆಂದರೆ ವಿಮಾನದವರು ತರಲು ಬಿಡಲಿಲ್ಲ ಎಂದು ಅವನು ಹೇಳಿದಾಗಲೂ ಎಲ್ಲರೂ ಭಾಗಿಸಿಯೇ ಕೇಳಿದ್ದರು. ನಂಬಿದವಳು ಹತ್ತು ವರ್ಷದ ಮಗಳು ಪ್ರಾಚಿ ಒಬ್ಬಳೇ.

ಧಾರವಾಡದಿಂದ ಬಂದ ಸಂಸಾರ. ಹೆಂಡತಿ ಪ್ರಭಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಗೋಪೀನಾಥನ ಕೆಲಸ ಪ್ರಾಚಿ ಓದುವ ಪ್ರೈಮರಿ ಶಾಲೆಯ ಮುಂದಿನ ರಸ್ತೆಯಲ್ಲಿ. ಶಾಲೆ ತೆರೆಯುವಾಗೊಮ್ಮೆ, ಬಿಡುವಾಗೊಮ್ಮೆ ಉದ್ದನೆಯ ಹಳದಿ ಕೋಟು ತೊಟ್ಟು, ತುದಿಯಲ್ಲಿ ದುಂಡು ಫಲಕವಿರುವ ಕೋಲು ಹಿಡಿದು ವಾಹನಗಳನ್ನು ನಿಲ್ಲಿಸಿ ಮಕ್ಕಳನ್ನು ದಾಟಿಸುವುದು. ಈ ಊರಿನವರು ಇಂಥವನನ್ನು ಲಾಲಿಪಾಪ್ ಮ್ಯಾನ್ ಎನ್ನುತ್ತಾರೆ. ತಾನು ಕೋಲೆತ್ತಿದರೆ ಡಬಲ್ ಡೆಕ್ಕರ್ ಬಸ್ಸುಗಳು ಮಂಡಿಯೂರುತ್ತವೆ, ಒಂದು ಸಲ ಮೇಲೆ ಹೋಗುತ್ತಿದ್ದ ವಿಮಾನವೂ ತುಸು ಹೊತ್ತು ನಿಂತಿತ್ತು ಎನ್ನುವುದು ಅವನ ಲೆಕ್ಕ.

ಆ ಸೆಪ್ಟೆಂಬರಿನಲ್ಲಿ ಎಲ್ಜಾ ಮೂರನೇ ತರಗತಿಗೆ ಬಂದಳು. ಏಳು ವರ್ಷದ ಹುಡುಗಿ, ಒಣಹುಲ್ಲಿನ ಬಣ್ಣದ ಜಡೆ, ಬೆನ್ನಿಗಿಂತ ಅಗಲವಾದ ಬ್ಯಾಗು. ಬೇಕರಿಯಲ್ಲಿ ಕೆಲಸ ಮಾಡುವ ತಾಯಿ ದಾತ್ಸೆ ತೋಳಿನ ಹಿಟ್ಟು ಕೊಡವಿಕೊಳ್ಳುತ್ತ ಅವಳನ್ನು ಕರೆತರುತ್ತಿದ್ದಳು. ಲಾಟ್ವಿಯಾ ಬಿಟ್ಟು ಬಂದು ಆರು ವಾರವಾದರೂ ಎಲ್ಜಾ ಶಾಲೆಯಲ್ಲಿ ಒಂದು ಶಬ್ದ ಆಡಿರಲಿಲ್ಲ. ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಹೋಗುವಳು, ಹಾಗೇ ಹಿಡಿದುಕೊಂಡು ಹೊರಬರುವಳು.

ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಹ್ಯಾರಿಸ್ ಗೇಟಿನ ಬಳಿ ದಾತ್ಸೆಯನ್ನು ನಿಲ್ಲಿಸಿ ಮೆತ್ತಗೆ ಹೇಳಿದರು. "ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ರಜೆ ಮುಗಿದ ಮೇಲೆ, ಎರಡನೆಯ ಶುಕ್ರವಾರ ಅವಳನ್ನು ಕೂರಿಸಿಕೊಂಡು ಮಾತಾಡಿಸುತ್ತೇವೆ. ಆಗಲೂ ಏನೂ ಹೇಳದಿದ್ದರೆ ಒಂದನೇ ತರಗತಿಯ ಪುಟಾಣಿಗಳ ಜೊತೆ ಒಂದು ವರ್ಷ ಕೂರುವುದೇ ಒಳ್ಳೆಯದು."

ದಾತ್ಸೆಗೆ ಅರ್ಧ ತಿಳಿಯಿತು. ಎಲ್ಜಾಳಿಗೆ ಪೂರ್ತಿ ತಿಳಿದಿರಬೇಕು. ಬೆರಳುಗಳು ಬ್ಯಾಗಿನ ಪಟ್ಟಿಯ ಮೇಲೆ ಬೆಳ್ಳಗಾದವು. ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದ ಗೋಪೀನಾಥ ಆ ಬೆರಳುಗಳನ್ನು ನೋಡಿದ. ನಾಲಿಗೆ ತಾನಾಗಿಯೇ ಹೊರಳಿತು.

"ಚಿಂತೆ ಬೇಡ ಮೇಡಂ. ನನಗೆ ಲಾಟ್ವಿಯನ್ ಬರುತ್ತದೆ."

ಕನ್ನಡದವರಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ಮಿಸೆಸ್ ಹ್ಯಾರಿಸ್ ಡೈರಿ ತೆಗೆದರು. "ಎಷ್ಟು ಒಳ್ಳೆಯದಾಯಿತು! ಆ ಶುಕ್ರವಾರ ಹತ್ತು ಗಂಟೆಗೆ ದುಭಾಷಿ ನೀವೇ," ಎಂದು ಅವನ ಹೆಸರು ಬರೆದುಕೊಂಡೇಬಿಟ್ಟರು. ನಲವತ್ತಾರು ವರ್ಷದಲ್ಲಿ ಅವನ ಮಾತನ್ನು ಯಾರೂ ಭಾಗಿಸದೆ ಬರೆದುಕೊಂಡದ್ದು ಇದೇ ಮೊದಲು. ದಾತ್ಸೆಯಂತೂ ಮುಖವರಳಿಸಿ ತನ್ನ ಭಾಷೆಯಲ್ಲಿ ಪಟಪಟನೆ ಏನೋ ಕೇಳಿದಳು. ಗೋಪೀನಾಥ ಗಂಭೀರವಾಗಿ ತಲೆಯಾಡಿಸಿ, ದಾಟುವವರು ಯಾರೂ ಇಲ್ಲದಿದ್ದರೂ ನಡುರಸ್ತೆಗೆ ಹೋಗಿ ಒಂದು ಬಸ್ಸು ನಿಲ್ಲಿಸಿದ.

ಮಧ್ಯಾಹ್ನವೇ ಲೈಬ್ರರಿಗೆ ಹೋಗಿ ಒಂದು ಪಟ್ಟಿ ಪ್ರಿಂಟ್ ಮಾಡಿಸಿಕೊಂಡು ಬಂದ. ಓದು, ಬರಹ, ಶಾಲೆ, ಕಲಿಕೆ ಇವಕ್ಕೆ ಸಂಬಂಧಪಟ್ಟ ಇಪ್ಪತ್ತೊಂದು ಮಾತು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಲಾಟ್ವಿಯನ್. ಫೋನಿನಲ್ಲಿ ಒಂದೊಂದರ ಉಚ್ಚಾರ ಕೇಳಿ ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದ. ಫ್ರಿಜ್ಜಿಗೆ ಅಂಟಿಸಿದ್ದ ಆ ಹಾಳೆ ಸಂಜೆ ಪ್ರಭಾಳ ಕಣ್ಣಿಗೆ ಬಿತ್ತು.

"ಏನ್ರೀ ಇದು, ಯಾವ ದೇವರ ಮಂತ್ರ? ಗ್ರಾಮತ, ಜೀಮುಲಿಸ್, ಯೌತಾಯುಮ್ಸ್, ಅತ್‌ಬಿಲ್ದೆ..."

"ಪುಸ್ತಕ, ಪೆನ್ಸಿಲ್, ಪ್ರಶ್ನೆ, ಉತ್ತರ. ಲಾಟ್ವಿಯನ್. ನನಗ ಮೊದಲೇ ಬರ್ತದ, ಸುಮ್ನ ಒಮ್ಮೆ ಕಣ್ಣಾಡಸ್ಲಿಕ್ಕೆ ಹತ್ತೇನಿ."

"ಈ ಕ್ಲ್ಯೂದ ಅಂದ್ರ?"

"ತಪ್ಪು."

"ಹಂಗಾರ ಅದನ್ನ ಮೊದಲು ಕಲೀರಿ, ಭಾಳ ಉಪಯೋಗ ಬೀಳ್ತದ." ಪ್ರಭಾ ಹಾಳೆಯ ಕೊನೆಗೆ ಬಂದಳು. "ಇದೊಂದಕ್ಕ ಯಾಕ ಅಡ್ಡಗೆರಿ ಎಳದೀರಿ? ನೆಜಿನು?"

"ನನಗ ಗೊತ್ತಿಲ್ಲ ಅಂತ ಅರ್ಥ. ಅದು ನನಗೇನ್ ಬೇಕಾಗೂದಿಲ್ಲ ಬಿಡು."

ಮರುದಿನದಿಂದ ರಸ್ತೆಯ ನಡುವೆ ಪಾಠ ಶುರುವಾಯಿತು. ಫಲಕದ ಹಿಂದೆ ದಿನಕ್ಕೊಂದು ಚೀಟಿ. ಎಲ್ಜಾ ದಾಟುವಾಗ ಗೋಪೀನಾಥ ಮೊದಲು ಲಾಟ್ವಿಯನ್ ಪದ ಹೇಳುವನು. ಅವಳು ತಲೆ ಅಲ್ಲಾಡಿಸಿ, ದನಿ ಹೊರಡಿಸದೆ ತುಟಿಯಲ್ಲೇ ತಿದ್ದುವಳು. ಅವನು ಇನ್ನೊಮ್ಮೆ ತಪ್ಪು ಹೇಳುವನು. ಅವಳು ಹಣೆ ಚಚ್ಚಿಕೊಳ್ಳುವಳು. ಆಮೇಲೆ ಅವನು ಅದೇ ಪದದ ಇಂಗ್ಲಿಷ್ ಹೇಳುವನು, ಅವಳ ತುಟಿ ಅದನ್ನೂ ಹಿಡಿದಿಟ್ಟುಕೊಳ್ಳುವುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಅದೇ ಇನ್ನೊಮ್ಮೆ. ಅವನ ಮಾತು ನಂಬುವುದಾದರೆ, ಆ ರಸ್ತೆಯ ಬಸ್ ಡ್ರೈವರುಗಳಿಗೆಲ್ಲ ಪೆನ್ಸಿಲ್ಲಿಗೆ ಲಾಟ್ವಿಯನ್ ಭಾಷೆಯಲ್ಲಿ ಏನೆನ್ನುತ್ತಾರೆಂಬುದು ಬಾಯಿಪಾಠವಾಗಿತ್ತು. ಹಾರ್ನ್ ಹೊಡೆದವರಿಗೆ ಅವನು ಕೈಯೆತ್ತಿ "ಕ್ಲಾಸು ನಡೀತಿದೆ!" ಎಂದು ಗದರುತ್ತಿದ್ದ.

ಎಲ್ಜಾ ನಗಲು ಕಲಿತಳು. ದನಿ ಮಾತ್ರ ಬರಲಿಲ್ಲ.

ಶುಕ್ರವಾರ ಬಂತು. ಪುಟ್ಟ ಕೋಣೆ, ಮೊಣಕಾಲೆತ್ತರದ ಕುರ್ಚಿಗಳು. ಗೋಪೀನಾಥ ಹಳದಿ ಕೋಟಿನಲ್ಲೇ ಕೂತ, ಮೊಣಕಾಲು ಗಲ್ಲಕ್ಕೆ ತಗುಲುತ್ತಿತ್ತು. ಒಂದು ಕಡೆ ದಾತ್ಸೆ, ನಡುವೆ ಬ್ಯಾಗಿನ ಪಟ್ಟಿ ಹಿಡಿದ ಎಲ್ಜಾ, ಎದುರಿಗೆ ಪೆನ್ನು ಬಿಚ್ಚಿದ ಮಿಸೆಸ್ ಹ್ಯಾರಿಸ್.

"ಹಳೆಯ ಶಾಲೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಏನು, ಕೇಳಿ."

ಇಪ್ಪತ್ತು ಪದಗಳಲ್ಲಿ 'ಇಷ್ಟ' ಇರಲಿಲ್ಲ. 'ಹಳೆಯ' ಇರಲಿಲ್ಲ. 'ಏನು' ಕೂಡ ಇರಲಿಲ್ಲ. ಗೋಪೀನಾಥ ಗಂಟಲು ಸರಿಮಾಡಿಕೊಂಡು, ಕಣ್ಣು ಅರೆಮುಚ್ಚಿ, ಸಂಕಲ್ಪ ಹೇಳುವ ಪುರೋಹಿತನ ಠೀವಿಯಲ್ಲಿ ಶುರುಮಾಡಿದ.

"ಗ್ರಾಮತ... ಜೀಮುಲಿಸ್... ಅತ್‌ಬಿಲ್ದೆ... ಕ್ಲ್ಯೂದ?"

ದಾತ್ಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಮಿಸೆಸ್ ಹ್ಯಾರಿಸ್ ಅವಳತ್ತ ನೋಡಿ, ಇವನತ್ತ ನೋಡಿ, "ಏನೆಂದು ಕೇಳಿದಿರಿ?" ಎಂದರು.

"ನೀವು ಹೇಳಿದ್ದನ್ನೇ ಮೇಡಂ. ಸ್ವಲ್ಪ ಗ್ರಾಂಥಿಕವಾಗಿ."

ಆಗ ಆ ಶಾಲೆಯಲ್ಲಿ ಯಾರೂ ಕೇಳಿರದಿದ್ದ ಒಂದು ದನಿ ಬಂತು. ತೆಳ್ಳಗೆ, ಸಿಟ್ಟಾಗಿ, ಇಂಗ್ಲಿಷಿನಲ್ಲಿ.

"ನೋ! ಹೀ ಸೇ ಬುಕ್, ಪೆನ್ಸಿಲ್, ಆನ್ಸರ್, ಮಿಸ್ಟೇಕ್. ನೋ ಕ್ವೆಶ್ಚನ್!"

ಬ್ಯಾಗಿನ ಪಟ್ಟಿ ಬಿಟ್ಟ ಕೈ ಅವನತ್ತ ಚಾಚಿತ್ತು. ಅವಳು ಕುರ್ಚಿ ಸರಿಸಿ ಎದ್ದು, ತಿಂಗಳಿಡೀ ತಡೆದುಕೊಂಡಿದ್ದ ಮೇಡಮ್ಮನಂತೆ ಅವನೆದುರು ನಿಂತಳು. "ಯೂ ಸೇ," ಎಂದು ಬೆರಳೆತ್ತಿದಳು. "ಸೇ, ನೆಜಿನು."

ಅಡ್ಡಗೆರೆ ಎಳೆದಿದ್ದ ಪದ. ಬೆರಳು ಕೆಳಗಿಳಿಯಲಿಲ್ಲ.

"ನೆಜಿನು," ಎಂದ ಅವನು. ಎಲ್ಜಾ ತಲೆ ಅಲ್ಲಾಡಿಸಲಿಲ್ಲ. ಮೊದಲನೆಯ ಸಲಕ್ಕೇ ಸರಿಯಾಗಿತ್ತು. "ನನಗೆ ಗೊತ್ತಿಲ್ಲ ಮೇಡಂ. ಇಪ್ಪತ್ತು ಪದ ಬರುತ್ತವೆ, ಅವೂ ಇವಳೇ ತಿದ್ದಿದ್ದು."

ಮಿಸೆಸ್ ಹ್ಯಾರಿಸ್ ಡೈರಿ ಮುಚ್ಚಿದರು. ಎಲ್ಜಾಳ ಕಡೆ ಬಾಗಿ, "ಐ ಡೋಂಟ್ ನೋ ಅಂತ ನಾವು ಹೇಳುವುದು. ಅದನ್ನೂ ಇಲ್ಲಿ ಹೇಳಬಹುದು," ಎಂದರು. ಎಲ್ಜಾ ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದಳು. ಆಮೇಲೆ ಕೇಳಿದ ಎಂಟು ಪ್ರಶ್ನೆಗಳಲ್ಲಿ ಐದಕ್ಕೆ ಅದೇ ಉತ್ತರ, ಮೂರಕ್ಕೆ ಬೇರೆ. ಅವಳನ್ನು ಮೂರನೇ ತರಗತಿಯಿಂದ ಯಾರೂ ಕದಲಿಸಲಿಲ್ಲ.

ಮನೆಯಲ್ಲಿ ಸಂಜೆಯ ಚಹಾದ ಹೊತ್ತಿಗೆ ಈ ಸಂಗತಿ ಬೇರೆಯೇ ಆಗಿತ್ತು. "ನಾ ಕೇಳಿದ ಪ್ರಶ್ನೆಗೆ ಹುಡುಗಿ ನಲವತ್ತು ನಿಮಿಷ ಭಾಷಣ ಮಾಡಿದಳು ನೋಡು! ಹೆಡ್ ಮಿಸ್ಟ್ರೆಸ್ ಅಂತೂ ಕರವಸ್ತ್ರ..."

"ಅಪ್ಪಾ," ಎಂದಳು ಪ್ರಾಚಿ, ಬಿಸ್ಕತ್ತು ಅದ್ದುತ್ತ. "ಎಲ್ಜಾ ಟೋಲ್ಡ್ ಎವ್ರಿವನ್."

ಪ್ರಭಾ ನಗಲಿಲ್ಲ. ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. "ಖರೇ ಹೇಳ್ರಿ. ಯಾಕ್ ಬೇಕಿತ್ತು ನಿಮಗ ಈ ಉಸಾಬರಿ?"

ಗೋಪೀನಾಥ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ಹುಡುಗಿ ಬ್ಯಾಗ್ ಹಿಡಕೊಂಡಿದ್ದು ನೋಡಿದೆ. ನಾ ಪಿಯುಸಿಗೆ ಹೋದಾಗ ಹಂಗ ಕೂತಿದ್ದೆ. ಎಸ್ಸೆಸ್ಸೆಲ್ಸಿ ತನಕಾ ಕನ್ನಡ ಮೀಡಿಯಂ, ಅಲ್ಲಿ ಎಲ್ಲಾ ಇಂಗ್ಲಿಷ್. ನಾಕು ತಿಂಗಳು ಬಾಯಿ ಬಿಚ್ಚಲಿಲ್ಲ. ಒಂದಿನ ಸರ್ ಎಬ್ಬಿಸಿ ಏನೋ ಕೇಳಿದ್ರು. ನನಗ ಗೊತ್ತಿಲ್ಲ ಅಂತ ಹೇಳ್ಳಿಕ್ಕೂ ಬಾಯಿ ಬರಲಿಲ್ಲ. ಎಲ್ಲಾರೂ ನಕ್ರು. ಮರುದಿನ ಹೋಗಲಿಲ್ಲ, ಮತ್ತ ಎಂದೂ ಹೋಗಲಿಲ್ಲ. ಮನ್ಯಾಗ ಹೇಳಿದೆ, ಅವರ ಹತ್ರ ನನಗ ಕಲಿಸೂವಂಥದ್ದು ಏನೂ ಉಳಿದಿಲ್ಲ ಅಂತ."

ಕಾಲೇಜು ಬಿಟ್ಟದ್ದು ಪ್ರಭಾಳಿಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಅವಳು ಅವನ ಹಳದಿ ಕೋಟಿನ ತೋಳಿನ ಮೇಲೆ ಕೈಯಿಟ್ಟಳು.

ಪ್ರಾಚಿಯ ಬಿಸ್ಕತ್ತು ಅರ್ಧ ಚಹಾದಲ್ಲಿ ಮುಳುಗಿಹೋಗಿತ್ತು. "ಸೋ... ದ ಗೋಲ್ಡ್ ಮೆಡಲ್?"

"ಇಲ್ಲ ಪುಟ್ಟಿ."

"ರೈಲಿನಾಗಿನ ಪ್ರೊಫೆಸರು?" ಎಂದಳು ಪ್ರಭಾ.

"ಅವರೂ ಇಲ್ಲ."

"ಮೂರು ನಿಮಿಷಾ?"

"ಮೂರು ವಾರದ ಮ್ಯಾಲೆ ಹಿಡೀತು." ಗೋಪೀನಾಥ ಚಹಾದೊಳಗೆ ನೋಡಿದ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಮಾಡುವುದೇನು ಎನಿಸಿತು. "ಮತ್ತ ಆವತ್ತು ನಾ ರೈಲು ಹತ್ತೇ ಇಲ್ಲ. ಬಸ್ಸಿನಾಗ ಬಂದೆ."